ಯಮುನಾಳಿಗೆ ನಾನು ಕೊಟ್ಟ ಒಂದು ವರ್ಷ

ನಮ್ಮ ಸೀಮೆಯಲ್ಲಿ ಅರ್ಧ ಜನ ಹುಟ್ಟಿದ್ದು ಜೂನ್ ಒಂದನೇ ತಾರೀಖು. ನಗಬೇಡಿ. ಹೊಸದುರ್ಗದ ಕಡೆಯ ಯಾವ ಹಳ್ಳಿ ಶಾಲೆಯಲ್ಲಾದರೂ ಹಳೆಯ ದಾಖಲಾತಿ ಪುಸ್ತಕ ತೆಗೆಸಿ ನೋಡಿ, ಗೊತ್ತಾಗುತ್ತದೆ. ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದ ತಾಯಿ "ಯುಗಾದಿ ಆಗಿ ವಾರಕ್ಕೆ ಹುಟ್ಟಿದ್ದು ಸಾ" ಎಂದರೆ ಮೇಷ್ಟ್ರು ಏನು ಬರೆಯಬೇಕು? ಶಾಲೆ ಶುರುವಾಗುವ ದಿನವನ್ನೇ ಹುಟ್ಟಿದ ದಿನವೆಂದು ಬರೆದು ಮುಂದಿನ ಮಗುವನ್ನು ಕರೆಯುತ್ತಿದ್ದರು. ಕಾಗದದ ಮೇಲೆ ನಾನೂ ಜೂನ್ ಒಂದಕ್ಕೇ ಹುಟ್ಟಿದವನು. ಅದರಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ. ನಾನು ಮಾಡಿದ್ದು ಬೇರೆ.

ನಾನು ಶಿವಕುಮಾರಪ್ಪ. ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು, ಈಗ ನಿವೃತ್ತನಾಗಿ ಚಿತ್ರದುರ್ಗದಲ್ಲಿದ್ದೇನೆ. ಸಿಟ್ಟಿನ ಮನುಷ್ಯ. ಒಂದು ನಿಮಿಷ ತಡವಾಗಿ ಬಂದವರನ್ನು ಮೈದಾನದ ಸುತ್ತ ಹತ್ತು ಸುತ್ತು ಓಡಿಸುತ್ತಿದ್ದೆ. "ಲೇ, ಆಟದಾಗೆ ಮೋಸ ಮಾಡಿದೋನು ಮನೇಲೂ ಮೋಸ ಮಾಡ್ತಾನೆ" ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಮೈಕಿನ ಮುಂದೆ ನಿಂತು ಎಷ್ಟು ಸಲ ಕೂಗಿದ್ದೇನೋ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ಹನ್ನೆರಡು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ಮತ್ತೋಡಿನ ಏಕಾಂತಮ್ಮ ತನ್ನ ಮಗಳನ್ನು ಎಂಟನೇ ಕ್ಲಾಸಿಗೆ ಸೇರಿಸಲು ಬಂದಳು. ಹುಡುಗಿಯ ಹೆಸರು ಯಮುನಾ. ಹದಿಮೂರು ವರ್ಷಕ್ಕೇ ನನಗಿಂತ ನಾಲ್ಕು ಬೆರಳು ಎತ್ತರ. ಆಫೀಸಿನ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದಳು. ಹಿಂದೆಯೇ ಅವಳ ತಮ್ಮ ಮಾರುತೇಶ, ಅಕ್ಕನ ಮೊಣಕೈ ಹಿಡಿದುಕೊಂಡು.

"ಇವಳು ಬೆಳೆಯೋದು ನೋಡಿದ್ರೆ ಭಯ ಆಗ್ತತೆ ಮೇಷ್ಟ್ರೇ," ಎಂದಳು ಏಕಾಂತಮ್ಮ. "ಗಂಡು ಎಲ್ಲಿಂದ ಹುಡುಕಾಣ ಇವಳಿಗೆ?"

"ಗಂಡಿನ ಮಾತು ಬಿಡಮ್ಮ, ನನ್ನ ಕೈಗೆ ಕೊಡು," ಎಂದೆ. ಮೂಲೆಯಲ್ಲಿದ್ದ ಬ್ಯಾಸ್ಕೆಟ್‌ಬಾಲ್ ತೆಗೆದು ಹುಡುಗಿಯ ಕಡೆಗೆ ಎಸೆದೆ. ಒಂದೇ ಕೈಯಲ್ಲಿ ಹಿಡಿದಳು. ಇಪ್ಪತ್ತು ವರ್ಷ ಕಾದಿದ್ದೆ ಅಂಥ ಕೈಗೆ.

ಪ್ರೈಮರಿ ಶಾಲೆಯ ಟಿ.ಸಿ. ನೋಡಿದೆ. ಹುಟ್ಟಿದ ದಿನ: ಜೂನ್ ಒಂದು, ಎರಡು ಸಾವಿರದ ಇಸವಿ. ಅಲ್ಲೇ ಲೆಕ್ಕ ಹಾಕಿದೆ. ಈಗ ಕೈಗೆ ಚೆಂಡು ಬಂದ ಹುಡುಗಿ ಹಣ್ಣಾಗಲು ಮೂರು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಹದಿನಾರರೊಳಗಿನವರ ರಾಷ್ಟ್ರೀಯ ಪಂದ್ಯಾವಳಿಯ ವಯಸ್ಸು ಮೀರಿರುತ್ತದೆ. ದೊಡ್ಡವರ ಕಣ್ಣಿಗೆ ಬೀಳುವುದು ಅಲ್ಲೇ. ಇನ್ನೊಂದು ವರ್ಷ ಇದ್ದಿದ್ದರೆ!

ಆ ಶಾಲೆಯ ಮೇಷ್ಟ್ರು ನನಗೆ ಪರಿಚಯ. ಮಾರನೇ ದಿನವೇ ಹೋಗಿ ಒಂದು ಟೀ ಕುಡಿಸಿ ಹೊಸ ಟಿ.ಸಿ. ಬರೆಸಿಕೊಂಡೆ. ಕೊನೆಯ ಸೊನ್ನೆಯ ಜಾಗದಲ್ಲಿ ಒಂದು ಬಂತು. ಎರಡು ಸಾವಿರದ ಒಂದು. ಪಿ.ಟಿ. ಮೇಷ್ಟ್ರುಗಳ ನಡುವೆ ಇದಕ್ಕೆ ವಯಸ್ಸು ಇಳಿಸುವುದು ಎನ್ನುತ್ತಾರೆ. ಎಲ್ಲರೂ ಮಾಡುತ್ತಿದ್ದರು, ಸಾರಿಗೆ ಉಪ್ಪು ಹಾಕಿದಷ್ಟೇ ಸಲೀಸಾಗಿ. ಓದು ಬಾರದ ಏಕಾಂತಮ್ಮನಿಗೆ ಹೇಳಲಿಲ್ಲ. ಯಮುನಾಳಿಗೂ ಹೇಳಲಿಲ್ಲ. ಅವಳ ಮೊಣಕೈ ಹಿಡಿದು ನಿಂತಿದ್ದ ಆ ತಮ್ಮ ಯಾವಾಗ ಹುಟ್ಟಿದವನು ಎಂದು ಕೇಳಬೇಕೆಂದು ನನ್ನ ಮಂಡೆಗೆ ಹೊಳೆಯಲಿಲ್ಲ.

ಯಮುನಾ ಹುಟ್ಟಿದ್ದು ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಮಾರುತೇಶ ಮಾತ್ರ ಅಡ್ಡವಾಗಿ ಕೂತಿದ್ದನಂತೆ. ಏಕಾಂತಮ್ಮನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ ಹೊಸದುರ್ಗದ ಆಸ್ಪತ್ರೆಗೆ ತಂದಿದ್ದರು. ಅದಕ್ಕೇ ಅವನ ತಾರೀಖು ಕಲ್ಲಿನಂತೆ ಗಟ್ಟಿ: ಎರಡು ಸಾವಿರದ ಒಂದು, ಅಕ್ಟೋಬರ್ ಹದಿನಾಲ್ಕು. ನನ್ನ ಕಾಗದದ ಪ್ರಕಾರ ಅಕ್ಕನಿಗಿಂತ ನಾಲ್ಕೂವರೆ ತಿಂಗಳಿಗೆ ಚಿಕ್ಕವನು.

ಎರಡು ತಾರೀಖನ್ನು ಅಕ್ಕಪಕ್ಕ ಇಟ್ಟು ಯಾರೂ ನೋಡಲಿಲ್ಲ. ಎಸ್ಸೆಸ್ಸೆಲ್ಸಿ ಕಾರ್ಡು ಬಂತು, ಆಧಾರ್ ಬಂತು, ಪಾಸ್‌ಪೋರ್ಟ್ ಬಂತು, ಎಲ್ಲದರಲ್ಲೂ ನಾನು ಕೊಟ್ಟ ವರ್ಷವೇ.

ಆ ವರ್ಷ ಕೆಲಸ ಮಾಡಿತು ಎನ್ನಿ. ಯಮುನಾಳನ್ನು ಫಾರ್ವರ್ಡ್ ಆಗಿ ಬೆಳೆಸಿದೆ. ಫಾರ್ವರ್ಡ್ ಎಂದರೆ ರಿಂಗಿನ ಕೆಳಗೆ ಮೈಗೆ ಮೈ ಕೊಟ್ಟು ನಿಂತು, ಪುಟಿದು ಬಂದ ಚೆಂಡನ್ನು ಹತ್ತು ಕೈಗಳ ನಡುವೆ ಕಸಿದು, ತಿರುಗಿ ಒಳಗೆ ಹಾಕುವವಳು. ಮೊಣಕೈ ಏಟು, ಕಾಲ್ತುಳಿತ ಎಲ್ಲ ಅವಳ ಪಾಲಿಗೇ. ಸಂಜೆ ಎಲ್ಲರೂ ಹೋದ ಮೇಲೆ ಮಾರುತೇಶ ಒಂದು ಹಳೇ ದಿಂಬನ್ನು ಎದೆಗೆ ಕಟ್ಟಿಕೊಂಡು ರಿಂಗಿನ ಕೆಳಗೆ ನಿಲ್ಲುತ್ತಿದ್ದ. "ಬಾರೇ ಯಮ್ಮಿ, ಗುದ್ದು!" ಎಂದು ಕೂಗುತ್ತಿದ್ದ. ಅವಳು ಗುದ್ದಿ ಬೀಳಿಸುತ್ತಿದ್ದಳು, ಅವನು ಎದ್ದು ಮತ್ತೆ ನಿಲ್ಲುತ್ತಿದ್ದ.

ಹದಿನಾರರೊಳಗಿನವರ ಪಂದ್ಯಾವಳಿಗೆ ರಾಜ್ಯ ತಂಡದಲ್ಲಿ ಆಯ್ಕೆಯಾದಳು. ಬೆಳ್ಳಿ ಪದಕ ಬಂತು. ಚಿತ್ರದುರ್ಗದಲ್ಲಿ ಪಿ.ಯು., ಆಮೇಲೆ ಆಟದ ಕೋಟಾದಲ್ಲಿ ಹುಬ್ಬಳ್ಳಿಗೆ ರೈಲ್ವೆ ಕೆಲಸ. ನನಗೆ ಒಳ್ಳೆಯ ತರಬೇತುದಾರ ಎಂದು ಜಿಲ್ಲೆಯ ಪ್ರಶಸ್ತಿ ಕೊಟ್ಟರು. ಶಾಲು ಹೊದ್ದ ಫೋಟೋ ನಡುಮನೆಯಲ್ಲಿ ಇವತ್ತಿಗೂ ಇದೆ. ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದೇನೆ, ಅಷ್ಟೇ.

ಮಾರುತೇಶ ಪಿ.ಯು. ಮುಗಿಸಿ ಐಮಂಗಲದ ಹತ್ತಿರ ಹೈವೇ ಪಕ್ಕದ ಟೈರ್ ಅಂಗಡಿಗೆ ಸೇರಿದ. ಯಮುನಾಳ ಕಾಲಿಗೆ ಸರಿಹೊಂದುವ ಬೂಟು ನಮ್ಮ ಕಡೆ ಎಲ್ಲೂ ಸಿಗುತ್ತಿರಲಿಲ್ಲ. ಮೊದಲ ಸಂಬಳದಲ್ಲಿ ಅದನ್ನು ಬೆಂಗಳೂರಿನಿಂದ ತರಿಸಿದವನು ಅವನೇ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಟೈರು ಉರುಳಿಸಿಕೊಂಡು ರಸ್ತೆ ದಾಟುತ್ತಿದ್ದಾಗ ಲಾರಿ ಬಡಿಯಿತು. ಇಪ್ಪತ್ತು ವರ್ಷದ ಹುಡುಗ. ಮಣ್ಣಿಗೆ ಹೋದಾಗ ಯಮುನಾ ಅಳಲಿಲ್ಲ. ಹದಿಮೂರನೇ ದಿನ ಆಟದ ಮೈದಾನಕ್ಕೆ ಬಂದು, ರಿಂಗಿನ ಕೆಳಗೆ ಖಾಲಿ ಜಾಗ ನೋಡಿ ಕುಕ್ಕುರುಗಾಲಿನಲ್ಲಿ ಕೂತು ಬೋರಾಡಿ ಅತ್ತಳು.

ಹೋದ ವರ್ಷ ಬೆಂಗಳೂರಿಗೆ ಆಸ್ಟ್ರೇಲಿಯಾದ ಒಂದು ಸಣ್ಣ ಊರಿನ ಕ್ಲಬ್ ತಂಡ ಸ್ನೇಹದ ಪಂದ್ಯ ಆಡಲು ಬಂತು. ಯಮುನಾ ಅವರ ಮೇಲೆ ಇಪ್ಪತ್ತೆರಡು ಅಂಕ ಹೊಡೆದಳು. ಆ ತಂಡದ ಕೋಚ್ ಹೀದರ್ ಎಂಬ ಹೆಂಗಸು, ಹಿಂದೆ ತಾನೂ ಫಾರ್ವರ್ಡ್ ಆಗಿದ್ದವಳು. ಆಟ ಮುಗಿದ ಮೇಲೆ ಯಮುನಾಳ ಪಕ್ಕ ಕೂತು ಒಂದು ಕಾಗದದ ಮೇಲೆ ಗೆರೆ ಎಳೆದು ತನ್ನ ದಾರಿ ತೋರಿಸಿದಳಂತೆ. ಏಳನೇ ವಯಸ್ಸಿಗೆ ಊರ ಶೆಡ್ಡಿನಲ್ಲಿ ಶನಿವಾರದ ಆಟ, ಹದಿನಾರಕ್ಕೆ ರಾಜ್ಯದ ತಂಡ, ಹದಿನೆಂಟಕ್ಕೆ ಅಮೆರಿಕದ ಕಾಲೇಜು, ಮರಳಿ ಬಂದು ಹನ್ನೊಂದು ವರ್ಷ ಸಂಬಳಕ್ಕೆ ಆಟ, ಮೊಣಕಾಲು ಹೋದ ಮೇಲೆ ಕೋಚ್. ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದು "ಇದು ನಿನ್ನದು" ಎಂದಳಂತೆ. ಏಪ್ರಿಲಿನಿಂದ ಆಗಸ್ಟಿನವರೆಗೆ ಒಂದು ಸೀಸನ್ನಿನ ಕರಾರು. ಆಡಿ ತೋರಿಸಿದರೆ ಮೇಲಿನ ಲೀಗು.

ಯಮುನಾ ಆ ಕಾಗದ ತಂದು ನನಗೆ ತೋರಿಸಿದಳು. ನಾನು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದೆ. ಆ ಹೆಂಗಸಿನ ಗೆರೆಯಲ್ಲಿ ಎಲ್ಲೂ ಯಾರೂ ಸೊನ್ನೆ ತಿದ್ದಿರಲಿಲ್ಲ. ಕಾಗದ ಮಡಿಸಿ ಅವಳ ಕೈಗೆ ಕೊಟ್ಟೆ. "ಭಲೇ ಮಗಳೇ, ಹೋಗ್ಬಾ!" ಎಂದು ಬೆನ್ನು ತಟ್ಟಿದೆ.

ವೀಸಾ ಅರ್ಜಿ ತುಂಬಿದ್ದು ಚಿತ್ರದುರ್ಗದ ಉಮೇರ್. ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂತ ಅಂಗಡಿ ಇಟ್ಟುಕೊಂಡಿರುವ ಒಳ್ಳೆಯ ಹುಡುಗ, ನನ್ನ ಹತ್ತಿರವೂ ಎರಡು ವರ್ಷ ಆಡಿದವನು. ಅರ್ಜಿಯಲ್ಲಿ ಒಡಹುಟ್ಟಿದವರ ಹೆಸರು, ಹುಟ್ಟಿದ ದಿನ ಕೇಳಿದ್ದರು. ತೀರಿಕೊಂಡವರಿದ್ದರೂ ಬರೆಯಬೇಕಿತ್ತು.

"ಅಕ್ಕಾ, ತಮ್ಮ ಹೋಗ್ಬಿಟ್ಟಿದ್ದಾನಲ್ಲ, ಬಿಟ್ಬಿಡಾಣ. ಅಷ್ಟು ದೂರದಾಗೆ ಯಾರಿಗೆ ಗೊತ್ತಾಗ್ತತೆ?" ಎಂದ ಉಮೇರ್.

ಯಮುನಾ ಅವನನ್ನೇ ದಿಟ್ಟಿಸಿ ನೋಡಿದಳು. "ನನಗೆ ಬೂಟು ತಂದುಕೊಟ್ಟೋನನ್ನ ಬಿಡು ಅಂತೀಯಲ್ಲೋ. ಬರಿ. ಮಾರುತೇಶ, ಅಕ್ಟೋಬರ್ ಹದಿನಾಲ್ಕು."

ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಉಮೇರ್ ಮಾರುತೇಶನ ಆಧಾರ್ ನೋಡಿ ವರ್ಷ ಓದಿದಾಗ ಮೊದಲ ಬಾರಿ ಇಬ್ಬರ ತಾರೀಖನ್ನೂ ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿದೆ. ಕೈಯಲ್ಲಿದ್ದ ಟೀ ತಣ್ಣಗಾಯಿತು. "ತಡಿಯಪ್ಪ" ಎನ್ನಬೇಕಿತ್ತು. ಯಾರು ನೋಡುತ್ತಾರೆ ಬಿಡು ಎಂದುಕೊಂಡೆ.

ನೋಡಿದರು. ಫೆಬ್ರವರಿಯಲ್ಲಿ ಪತ್ರ ಬಂತು. ಒಬ್ಬಳೇ ತಾಯಿಗೆ ನಾಲ್ಕೂವರೆ ತಿಂಗಳ ಅಂತರದಲ್ಲಿ ಎರಡು ಮಕ್ಕಳು ಹೇಗೆ ಹುಟ್ಟಿದರು, ಇಪ್ಪತ್ತೆಂಟು ದಿನದೊಳಗೆ ವಿವರಿಸಿ, ಸುಳ್ಳು ಎಂದಾದರೆ ಮೂರು ವರ್ಷ ಅರ್ಜಿ ಹಾಕುವಂತಿಲ್ಲ.

ಯಮುನಾ ರಜೆ ಹಾಕಿ ಓಡಿಬಂದಳು. "ಆಸ್ಪತ್ರೆಯೋರು ಮಾರುತೇಶಂದು ವರ್ಷ ತಪ್ಪು ಬರ್ದಿರಬೇಕು ಸಾರ್. ನಮಗಿಬ್ಬರಿಗೆ ಒಂದೂವರೆ ವರ್ಷ ಅಂತರ ಅಂತ ಅವ್ವ ಯಾವಾಗ್ಲೂ ಹೇಳ್ತಾಳೆ. ಅವನು ಎರಡು ಸಾವಿರದ ಎರಡರಾಗೆ ಹುಟ್ಟಿರಬೇಕು. ಬರ್ರಿ ಹೋಗಾಣ, ಹಳೇ ರಿಜಿಸ್ಟರ್ ನೋಡಾಣ."

ಹೋದೆ. ದೇವರಾಣೆ, ಅವಳ ಪಕ್ಕದ ಸೀಟಿನಲ್ಲೇ ಕೂತು ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋದೆ. ಹೊಳಲ್ಕೆರೆ ದಾಟುವವರೆಗೆ ಅವಳು ಆಸ್ಟ್ರೇಲಿಯಾದ ಆ ಊರಿನ ಚಳಿಯ ಬಗ್ಗೆ ಹೇಳುತ್ತಿದ್ದಳು, ಸ್ವೆಟರ್ ಇಲ್ಲಿ ಕೊಳ್ಳುವುದೋ ಅಲ್ಲೇ ಕೊಳ್ಳುವುದೋ ಎಂದು. ನಾನು "ಹ್ಞೂಂ, ಹ್ಞೂಂ" ಎನ್ನುತ್ತಿದ್ದೆ.

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಎರಡು ಸಾವಿರದ ಎರಡರ ಹೆರಿಗೆ ಪುಸ್ತಕವನ್ನು ಅವಳು ಪುಟಪುಟವಾಗಿ ಹುಡುಕಿದಳು. ಹೆಸರು ಇರಲಿಲ್ಲ. ಅಲ್ಲಿಯ ನರ್ಸಮ್ಮ ಹಿಂದಿನ ವರ್ಷದ್ದು ತಂದುಕೊಟ್ಟಳು. ಅಕ್ಟೋಬರ್ ಹದಿನಾಲ್ಕರ ಪುಟದಲ್ಲಿತ್ತು: ಏಕಾಂತಮ್ಮ, ಮತ್ತೋಡು, ಗಂಡು ಮಗು, ಎರಡು ಕೆಜಿ ನಾನೂರು ಗ್ರಾಂ.

ಯಮುನಾ ಆ ಸಾಲಿನ ಮೇಲೆ ಬೆರಳಿಟ್ಟಳು. ಮುಖ ಅರಳಿತು. "ಸಾರ್, ಇಷ್ಟೇ ಇಷ್ಟು ಇದ್ದ ನೋಡ್ರಿ," ಎಂದಳು. ಆಮೇಲೆ ಕಣ್ಣು ಒರೆಸಿಕೊಂಡು, "ಇವಂದು ಸರಿ ಐತೆ. ಹಂಗಾದ್ರೆ ತಪ್ಪಿರೋದು ನಂದಾ?" ಎಂದು ಕೇಳಿದಳು.

ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿರಲಿಲ್ಲ. ನಾನು ಹೇಳಿದ್ದೇನು ಗೊತ್ತೇ? "ಆ ಮಾತು ಎತ್ತಬ್ಯಾಡ ತಾಯಿ. ನಿಂದು ತಪ್ಪು ಅಂದ್ರೆ ಬೆಳ್ಳಿ ಪದಕ ಹೋಗ್ತತೆ, ನಿನ್ನ ಜತೆ ಆಡಿದ ಹನ್ನೊಂದು ಹುಡುಗೇರ್ದೂ ಹೋಗ್ತತೆ. ರೈಲ್ವೆ ಕೆಲಸಾನೂ ಹೋಗ್ತತೆ." ಅದರಲ್ಲಿ ಸುಳ್ಳಿಲ್ಲ. ಆದರೆ ನನ್ನ ಕಣ್ಣ ಮುಂದೆ ಇದ್ದದ್ದು ಅವಳ ಕೆಲಸವಲ್ಲ, ನನ್ನ ಶಾಲು, ನನ್ನ ಪಿಂಚಣಿ, ಬೀದಿಯಲ್ಲಿ ಸಿಕ್ಕಿದಾಗ ಕೈ ಮುಗಿಯುವ ಜನ. "ಬಿಸಿಲು ಜಾಸ್ತಿ ಐತೆ, ಬಾ ಎಳನೀರು ಕುಡಿಯಾಣ," ಎಂದು ಹೊರಗೆ ಕರೆದುಕೊಂಡು ಬಂದೆ.

ಇಪ್ಪತ್ತಾರನೇ ದಿನ ಚಿತ್ರದುರ್ಗದ ಕೋರ್ಟಿನ ಆವರಣದಲ್ಲಿ ನೋಟರಿಯೊಬ್ಬರ ಮೇಜಿನ ಮುಂದೆ ನಿಂತಿದ್ದೆವು. ನಾನು, ಯಮುನಾ, ಉಮೇರ್, ಮತ್ತೋಡಿನಿಂದ ಬೆಳಗಿನ ಬಸ್ಸಿಗೆ ಬಂದ ಏಕಾಂತಮ್ಮ. ನೋಟರಿ ಪತ್ರ ಓದಿ ಪೆನ್ನು ಕೆಳಗಿಟ್ಟರು.

"ಎರಡೇ ದಾರಿ ಇರೋದು. ಒಂದೋ ಹುಡುಗೀದು ತಾರೀಖು ಸುಳ್ಳು. ಇಲ್ಲಾ, ಹುಡುಗ ಈಯಮ್ಮನ ಹೊಟ್ಟೇಲಿ ಹುಟ್ಟಿದೋನಲ್ಲ, ಸಾಕ್ಕೊಂಡಿದ್ದು. ಮೂರನೇದಿಲ್ಲ. ಯಾವುದು ನಿಜ, ನೀವೇ ಹೇಳ್ರಿ."

ಯಮುನಾ ನನ್ನ ಮುಖ ನೋಡಿದಳು. ಹದಿಮೂರು ವರ್ಷದವಳಿದ್ದಾಗಿನಿಂದ ಆಟ ಬಿಗಿಯಾದಾಗಲೆಲ್ಲ ಹಾಗೇ ನೋಡುತ್ತಿದ್ದಳು, ಏನು ಮಾಡಲಿ ಎಂದು.

"ಎರಡನೇದೇ ಬರೀರಿ," ಎಂದೆ. ನಾನೇ ಎಂದೆ, ಈ ಹಾಳು ಬಾಯಿಂದ.

ಏಕಾಂತಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಏನು, ನಾನು ಹೆತ್ತ ಮಗನ್ನ ಹೆತ್ತಿಲ್ಲ ಅಂತ ಬರ್ಕೊಡ್ಲಾ? ಮೂರು ದಿನ ಸತ್ತು ಬದುಕಿ ಹೆತ್ತೀನಿ ಮೇಷ್ಟ್ರೇ!"

"ಬ್ಯಾಡ ಬಿಡವ್ವ," ಎಂದಳು ಯಮುನಾ. "ನಡಿ ಊರಿಗೆ ಹೋಗಾಣ. ನನಗೆ ಯಾವ ದೇಶಾನೂ ಬ್ಯಾಡ."

ಏಕಾಂತಮ್ಮ ಮಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಸುಮ್ಕಿರೇ. ಹೋದೋನು ಬೇಜಾರು ಮಾಡ್ಕಂತಾನಾ? ಅವನಿದ್ದಿದ್ರೆ ಅವನೇ ಹಾಕವ್ವ ಅಂತಿದ್ದ. ಬದುಕಿರೋಳು ನೀನು." ಮಸಿಯ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ, ನೋಟರಿ ತೋರಿಸಿದ ಜಾಗದಲ್ಲಿ ಇಟ್ಟಳು. ಆಮೇಲೆ ಬಸ್‌ಸ್ಟ್ಯಾಂಡಿನವರೆಗೂ ಆ ಬೆರಳನ್ನು ಸೀರೆಗೆ ಉಜ್ಜುತ್ತಲೇ ಇದ್ದಳು.

ಯುಗಾದಿ ಕಳೆದು ಮೂರು ವಾರಕ್ಕೆ ಉಮೇರ್ ಫೋನ್ ಮಾಡಿದ. "ಸಾರ್, ಆಗ್ಲಿಲ್ಲ. ದತ್ತು ತಗಂಡಿದ್ದಕ್ಕೆ ನೋಂದಣಿ ಕಾಗದ ಇಲ್ಲ, ಹೇಳಿದ್ದು ನಂಬಂಗಿಲ್ಲ ಅಂತ ಬರ್ದವ್ರೆ. ಮೂರು ವರ್ಷ ಬಂದ್. ಯಮ್ಮಿ ಅಕ್ಕಂಗೆ ಏನಂತ ಹೇಳ್ಲಿ ಸಾರ್?"

"ನೀನು ಹೇಳಬ್ಯಾಡ, ನಾನು ಹೇಳ್ತೀನಿ," ಎಂದೆ.

ಮಾರನೇ ಬೆಳಿಗ್ಗೆ ಮತ್ತೋಡಿಗೆ ಹೋದೆ. ಯಮುನಾ ರಜೆಯಲ್ಲಿ ಮನೆಯಲ್ಲೇ ಇದ್ದಳು. ಏಕಾಂತಮ್ಮ "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ" ಎಂದು ಚಾಪೆ ಹಾಸಿದಳು. ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಟಿ.ಸಿ., ಸೊನ್ನೆ, ಒಂದು ಟೀ, ಆಸ್ಪತ್ರೆಯ ಪುಸ್ತಕದ ಮುಂದೆ ಬಾಯಿಗೆ ಬೀಗ ಹಾಕಿಕೊಂಡದ್ದು, ನೋಟರಿಯ ಮುಂದೆ ಬೀಗ ತೆಗೆದದ್ದು. ಬೈಯಲಿ, ಚಪ್ಪಲಿ ತೆಗೆದುಕೊಳ್ಳಲಿ ಎಂದು ಕಾದೆ.

ಯಮುನಾ ಗೋಡೆಗೆ ಒರಗಿ ಕೂತಿದ್ದಳು. ಬೆರಳು ಎಣಿಸಿ, "ಹಂಗಾದ್ರೆ ನನಗೆ ಈಗ್ಲೇ ಇಪ್ಪತ್ತೈದು ತುಂಬೈತೆ," ಎಂದಳು. "ಮೂರು ವರ್ಷಕ್ಕೆ ಇಪ್ಪತ್ತೆಂಟು. ಗುದ್ದು ತಿಂದು ಸವೆದ ಈ ಮೊಣಕಾಲು ತಗಂಡು." ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಆಸ್ಪತ್ರೆಯಾಗೆ ಕೇಳಿದ್ನಲ್ಲ ಸಾರ್, ಬಾಯಿಬಿಟ್ಟು ಕೇಳಿದ್ನಲ್ಲ."

"ಕೇಳಿದ್ದೆ ತಾಯಿ."

ಆಮೇಲೆ ಮಾತಾಡಿದವಳು ಏಕಾಂತಮ್ಮ. ಆಸ್ಟ್ರೇಲಿಯಾ ಎನ್ನಲಿಲ್ಲ, ವೀಸಾ ಎನ್ನಲಿಲ್ಲ.

"ಮೇಷ್ಟ್ರೇ, ನಾನು ಹೆಬ್ಬೆಟ್ಟು ಹಾಕಿದ ಆ ಕಾಗದ ವಾಪಸ್ ತರಕ್ಕೆ ಆಗ್ತತಾ?"

"ಇಲ್ಲಮ್ಮ. ಅದು ಹೋಗಿಬಿಟ್ಟೈತೆ. ನೋಟರಿ ಪುಸ್ತಕದಾಗೂ ದಾಖಲಾಗೈತೆ."

"ನನ್ನ ಮಗ ನನ್ನವನಲ್ಲ ಅಂತ ಎಲ್ಲೋ ಒಂದ್ಕಡೆ ಹಂಗೇ ಇರ್ತತಾ?"

ನಾನು ಹೌದೆಂದು ತಲೆ ಆಡಿಸಿದೆ. ಅವಳು ಒಳಗೆ ಹೋಗಿ, ಸೀರೆ ಬದಲಾಯಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಂದಳು. "ನಡೀರಿ. ಇನ್ನೊಂದು ಬರ್ಸಾಣ."

ಅವತ್ತು ಮಧ್ಯಾಹ್ನವೇ ಅದೇ ನೋಟರಿಯ ಮುಂದೆ ನಿಂತೆವು. ಏಕಾಂತಮ್ಮ ಹೇಳುತ್ತಾ ಹೋದಳು, ಅವರು ಬರೆದರು. ನನ್ನ ಮಗಳು ಯಮುನಾ ಹುಟ್ಟಿದ್ದು ಎರಡು ಸಾವಿರದ ಇಸವಿ, ಯುಗಾದಿ ಆಗಿ ವಾರಕ್ಕೆ, ನನ್ನ ಮನೆಯಲ್ಲಿ. ನನ್ನ ಮಗ ಮಾರುತೇಶ ಹುಟ್ಟಿದ್ದು ಮಾರನೇ ವರ್ಷ ಅಕ್ಟೋಬರ್ ಹದಿನಾಲ್ಕು, ಹೊಸದುರ್ಗದ ಆಸ್ಪತ್ರೆಯಲ್ಲಿ. ಇಬ್ಬರೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವರು.

ನೋಟರಿ ತಲೆಯೆತ್ತಿದರು. "ಅಲ್ಲಮ್ಮ, ಹುಡುಗೀದು ತಾರೀಖು ಹಿಂಗೆ ಬರೆದ್ರೆ ಅವಳ ಕೆಲಸಕ್ಕೇ ಕುತ್ತು. ಅದಿರ್ಲಿ, ಇದನ್ನ ಯಾವ ಆಫೀಸಿಗೆ ಕೊಡಬೇಕು?"

"ಯಾವ ಆಫೀಸಿಗೂ ಅಲ್ಲ. ನನಗೆ. ನನ್ನ ಟ್ರಂಕಿನಾಗೆ ಇಟ್ಕಂತೀನಿ."

ನೋಟರಿ ಯಮುನಾಳ ಕಡೆ ನೋಡಿದರು. ಅವಳು, "ಅವ್ವ ಹೇಳಿದಂಗೇ ಬರೀರಿ," ಎಂದಳು. ಏಕಾಂತಮ್ಮ ಹೆಬ್ಬೆಟ್ಟು ಒತ್ತಿದಳು. ಈ ಸಲ ಬೆರಳು ಉಜ್ಜಿಕೊಳ್ಳಲಿಲ್ಲ.

"ಇಬ್ಬರು ಸಾಕ್ಷಿ ಬೇಕು," ಎಂದರು ನೋಟರಿ. ಯಮುನಾ ಒಂದನೇ ಸಾಕ್ಷಿಯಾಗಿ ಸಹಿ ಹಾಕಿದಳು. ನಾನು ಜೇಬಿನಿಂದ ಪೆನ್ನು ತೆಗೆದು ಮುಂದೆ ಬಂದೆ. ಜೀವಮಾನದಲ್ಲಿ ಒಂದು ಸಲವಾದರೂ ಆ ಮಗುವಿನ ಸರಿಯಾದ ವರ್ಷದ ಕೆಳಗೆ ನನ್ನ ಹೆಸರಿರಲಿ ಎಂದು.

ಯಮುನಾ ಕಾಗದದ ಮೇಲೆ ಅಂಗೈ ಇಟ್ಟಳು. ಸಿಟ್ಟಿರಲಿಲ್ಲ. ನನ್ನ ಮೇಲೆ ಅವಳು ಯಾವತ್ತೂ ದನಿ ಎತ್ತಿದವಳಲ್ಲ.

"ನೀವು ಬ್ಯಾಡ ಸಾರ್," ಎಂದಳು. "ಉಮೇರ್‌ನ ಕರೆದಿದ್ದೀನಿ, ಬರ್ತಾ ಅವ್ನೆ."

ಪೆನ್ನನ್ನು ಜೇಬಿಗೆ ಹಾಕಿಕೊಂಡು ನಾನು ಆಚೆ ಹೋಗಿ ಬೇವಿನ ಮರದ ಕೆಳಗೆ ನಿಂತೆ. ಉಮೇರ್ ಬೈಕ್ ನಿಲ್ಲಿಸಿ ನನ್ನ ಮುಂದೆಯೇ ಒಳಗೆ ಓಡಿದ.